ಬಾಗಿಲಿನ ಮರ್ಯಾದೆ



ಸಲಾಮ್ ಹೇಳದೆ, ಅನುಮತಿ ಪಡೆಯದೆ ಅನ್ಯರ ಮನೆಯನ್ನು ಪ್ರವೇಶಿಸಬಾರದೆಂದು ಪವಿತ್ರ ಕುರ್‌ಆನಿನ ಸೂರಃ ಅನ್ನೂರ್‌ನ 27ನೇ ಸೂಕ್ತವು ಕಲಿಸುತ್ತದೆ. ಸೂರಃ ಅಲ್ ಹುಜುರಾತ್‌ನ 12ನೇ ಸೂಕ್ತವು ಸಂಶಯ, ಗೂಢಚರ್ಯೆ, ಪರದೂಷಣೆ ಇವುಗಳನ್ನು ಒಂದರ ಹಿಂದೊಂದಾಗಿ ನಿಷೇಧಿಸಿದೆ. ಈ ಕ್ರಮದಲ್ಲೇ ಒಂದು ಪಾಠವಿದೆ. ಸಂಶಯಪಟ್ಟವನು ಇಣುಕುತ್ತಾನೆ. ಇಣುಕಿದವನು ಕಂಡದ್ದನ್ನು ಊರಿಗೆಲ್ಲ ಹಬ್ಬಿಸುತ್ತಾನೆ.

ಈ ನಿಷೇಧವು ಆಳುವವರಿಗೂ ಅನ್ವಯಿಸುವುದೇ? ಹ. ಉಮರ್(ರ)ರ ಕುರಿತು ಒಂದು ಪ್ರಸಿದ್ಧ ವರದಿಯಿದೆ. ರಾತ್ರಿ ಗಸ್ತಿನಲ್ಲಿದ್ದ ಖಲೀಫರು ಒಂದು ಮನೆಯಿಂದ ಸದ್ದು ಕೇಳಿ, ಗೋಡೆಯೇರಿ ಒಳಗಿಳಿದರು. ಮನೆಯವನು ಪಾಪಕಾರ್ಯದಲ್ಲಿ ತೊಡಗಿದ್ದನು. ಆದರೂ ಅವನು, ತನ್ನದು ಒಂದು ತಪ್ಪಾದರೆ ಖಲೀಫರದು ಮೂರು ಎಂದನು: ಗುಟ್ಟು ಹುಡುಕಿದ್ದು, ಬಾಗಿಲು ಬಿಟ್ಟು ಬಂದದ್ದು, ಅನುಮತಿ ಕೇಳದಿದ್ದದ್ದು. ಉಮರ್(ರ) ಅವನನ್ನು ದಂಡಿಸದೆ ಮರಳಿದರು.

“ತಪ್ಪು ಮಾಡದವನಿಗೆ ಭಯವೇಕೆ?” ಎಂದು ಕೇಳುವವರಿಗೆ ಇದರಲ್ಲಿ ಉತ್ತರವಿದೆ. ಇಲ್ಲಿ ತಪ್ಪು ಮಾಡಿದವನ ಬಾಗಿಲಿಗೂ ಮರ್ಯಾದೆ ಸಿಕ್ಕಿತು. ಹಾಗಿರುವಾಗ ನಿರಪರಾಧಿಯ ಬಾಗಿಲಿಗೆ ಎಷ್ಟು ಸಿಗಬೇಕು!

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ದೀರ್ಘ ದಾರಿ ಸವೆಸಿದೆ. 1962ರ ಖರಕ್ ಸಿಂಗ್ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟಿನ ಬಹುಮತದ ತೀರ್ಪು, ಖಾಸಗಿತನವು ಸಂವಿಧಾನ ನೀಡಿದ ಹಕ್ಕಲ್ಲವೆಂದಿತ್ತು. 2012ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅದೇ ನ್ಯಾಯಾಲಯದ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು 9 ನ್ಯಾಯಾಧೀಶರ ಪೀಠವು, ಖಾಸಗಿತನವು 21ನೇ ವಿಧಿಯ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಹಕ್ಕಿನ ಅಂಗವೆಂದು ಒಮ್ಮತದಿಂದ ಸಾರಿತು. ಸರಕಾರವು ಅದಕ್ಕೆ ಕೈ ಹಾಕಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಅಗತ್ಯವನ್ನು ಮೀರಬಾರದು. 2018ರಲ್ಲಿ ಆಧಾರ್ ಕಾಯಿದೆ ಬಹುಪಾಲು ಊರ್ಜಿತವಾದರೂ ಈ ಹಕ್ಕು ಅಳಿಯಲಿಲ್ಲ. ಒಬ್ಬ ವೃದ್ಧರ ಹೋರಾಟದ ಫಲ ಇಂದು ಎಲ್ಲ ಧರ್ಮದವರಿಗೂ ದಕ್ಕಿದೆ.

ದೊಡ್ಡನೆಕ್ಕುಂದಿಯಂತಹ ಊರಿನಲ್ಲಿ ದುಡಿಯಲು ಬಂದು ಬಾಡಿಗೆ ಮನೆಯಲ್ಲಿರುವವರಿಗೆ ಗೇಟಿನ ಕ್ಯಾಮರಾ, ಕಂಪೆನಿಯ ಬೆರಳಚ್ಚು, ಆಧಾರ್ ಪ್ರತಿ ಹೊಸತಲ್ಲ. ಕಳ್ಳತನ ತಡೆಯುವ ಕ್ಯಾಮರಾವನ್ನು ಆಕ್ಷೇಪಿಸಬೇಕಾಗಿಲ್ಲ. ಆದರೆ ಮಾಹಿತಿ ಕೇಳಿದವರಲ್ಲಿ, “ಯಾವ ಉದ್ದೇಶಕ್ಕೆ?” ಎಂದು ಸೌಜನ್ಯದಿಂದ ವಿಚಾರಿಸುವುದು ಉದ್ಧಟತನವಲ್ಲ, ಪೌರನ ಹಕ್ಕು.

ಹಾಗೆ ವಿಚಾರಿಸುವ ನಾವು ನಮ್ಮ ಮನೆಯೊಳಗೆ ಹೇಗಿದ್ದೇವೆ? ನಮ್ಮ ಕ್ಯಾಮರಾ ನೆರೆಮನೆಯ ಅಂಗಳದತ್ತ ತಿರುಗಿದೆಯೇ? ಪತ್ನಿಯ ಮೊಬೈಲನ್ನು ಕದ್ದು ನೋಡುವ ಪತಿ, ಪತಿಯದನ್ನು ಕದ್ದು ನೋಡುವ ಪತ್ನಿ, ಯಾರದೋ ಮಗಳ ಫೋಟೋವನ್ನು ವಾಟ್ಸ್ಯಾಪಿನಲ್ಲಿ ಹಂಚುವ ಯುವಕ, ಇವರೆಲ್ಲ ಗೋಡೆ ಹಾರಿದವರೇ. ಎಳೆಯ ಮಕ್ಕಳ ಮೇಲೆ ನಿಗಾ ಇಡುವುದು ಹೆತ್ತವರ ಹೊಣೆ. ಅದು ಬೇರೆ, ಸಂಶಯದ ಬೇಹುಗಾರಿಕೆ ಬೇರೆ. ನೆರೆಯವನಿಗೆ ನಾವು ನೀಡದ ಹಕ್ಕನ್ನು ಸರಕಾರದಿಂದ ಯಾವ ಬಾಯಲ್ಲಿ ಕೇಳೋಣ?

ಅನ್ಯರ ಕುಂದುಗಳನ್ನು ಮರೆಮಾಡುವ ಗುಣವನ್ನು ಅಲ್ಲಾಹನು ನಮಗೆ ಕರುಣಿಸಲಿ. ಅಂತ್ಯದಿನ ನಮ್ಮ ಕುಂದುಗಳನ್ನು ಅವನು ಮರೆಮಾಡಲಿ. ಆಮೀನ್.