ಚಾಲಕನಿಲ್ಲದ ಗಾಡಿ, ಒಡೆಯನಿಲ್ಲದ ಹೊಣೆ



ಚಾಲಕನಿಲ್ಲದ ಗಾಡಿ ನಮಗೆ ಹೊಸದೇನಲ್ಲ. ನಮ್ಮ ಹಿರಿಯರು ಸೋಲಾಪುರದ ಪೇಟೆಗೆ ಜೋಳ, ಶೇಂಗಾ ಹಾಕಿ ರಾತ್ರಿ ಊರ ಕಡೆ ಹೊರಟಾಗ ಚಕ್ಕಡಿಯಲ್ಲಿಯೇ ಕಂಬಳಿ ಹೊದ್ದು ಮಲಗಿಬಿಡುತ್ತಿದ್ದರು. ಎತ್ತುಗಳಿಗೆ ದಾರಿ ಗೊತ್ತು. ಬೆಳಗಾಗುವುದರೊಳಗೆ ಮನೆಯ ಮುಂದೆ ಬಂದು ನಿಲ್ಲುತ್ತಿದ್ದವು. ಆದರೆ ದಾರಿಯಲ್ಲಿ ಅವೇ ಎತ್ತುಗಳು ಪರರ ಹೊಲಕ್ಕೆ ಬಾಯಿ ಹಾಕಿದರೆ ಹೊಲದವರು ಹಿಡಿದು ಕೊಂಡವಾಡೆಗೆ ಹೊಡೆಯುತ್ತಿದ್ದರು. ಕೊಂಡವಾಡೆಯಲ್ಲಿ ನಿಂತದ್ದು ಎತ್ತು, ದಂಡ ತೆತ್ತವನು ಒಡೆಯ. ‘ನಾನು ಮಲಗಿದ್ದೆ, ನನಗೇನು ಗೊತ್ತು’ ಎಂದರೆ ಪಂಚರು ಕೇಳುತ್ತಿರಲಿಲ್ಲ. ಮಲಗಿದ್ದೇ ನಿನ್ನ ತಪ್ಪು ಎನ್ನುತ್ತಿದ್ದರು.

ಈಗ ಎತ್ತುಗಳಿಲ್ಲದೆಯೂ ತಾನೇ ದಾರಿ ಹಿಡಿಯುವ ಗಾಡಿ ಬಂದಿದೆ. ಅಮೇರಿಕಾ ದೇಶದ ಫೀನಿಕ್ಸ್ ನಗರದ ಬಳಿ 2020ರ ಅಕ್ಟೋಬರ್‌ನಲ್ಲಿ ವೇಮೋ ಎಂಬ ಕಂಪನಿಯು ಚಾಲಕನೇ ಇಲ್ಲದ ಟ್ಯಾಕ್ಸಿಗಳನ್ನು ಜನರ ಬಾಡಿಗೆಗೆ ಬಿಟ್ಟಿತು. 2023ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಹಗಲೂ ರಾತ್ರಿ ಬಾಡಿಗೆ ಪಡೆದು ಓಡಿಸಲು ಎರಡು ಕಂಪನಿಗಳಿಗೆ ಅಪ್ಪಣೆ ಸಿಕ್ಕಿತು. ಕ್ಯಾಮರಾಗಳು, ಲೇಸರ್ ಕಿರಣಗಳು, ರೇಡಾರ್‌ಗಳು ಕಣ್ಣಾಗಿ, ಗಣಕಯಂತ್ರವೇ ಮಿದುಳಾಗಿ ಆ ಕಾರು ಓಡುತ್ತದೆ. ಸ್ಟೇರಿಂಗ್ ತಾನೇ ತಿರುಗುತ್ತದೆ, ಹಿಂದಿನ ಸೀಟಿನಲ್ಲಿ ಕುಳಿತವನು ಪೇಪರ್ ಓದುತ್ತಿರುತ್ತಾನೆ. ನಮ್ಮ ಬೆಂಗಳೂರಿನಲ್ಲಿಯೂ ಇಂಥ ಕಾರಿನ ಮಾದರಿಯೊಂದನ್ನು 2025ರಲ್ಲಿ ತೋರಿಸಿದ್ದಾರೆ.

ಇದನ್ನು ಕೇಳಿ ನಗುವುದಾಗಲಿ, ಕಲಿಗಾಲವೆಂದು ಬಯ್ಯುವುದಾಗಲಿ ನನಗೆ ಸರಿಯೆನಿಸುವುದಿಲ್ಲ. ಯಂತ್ರ ಕುಡಿಯುವುದಿಲ್ಲ. ಮೂರು ರಾತ್ರಿ ನಿದ್ದೆಗೆಟ್ಟು ಕಣ್ಣು ಮುಚ್ಚುವುದಿಲ್ಲ. ಮೊಬೈಲ್ ಕಿವಿಗಿಟ್ಟು ಒಂದೇ ಕೈಯಲ್ಲಿ ಓಡಿಸುವುದಿಲ್ಲ. ನಮ್ಮ ದೇಶದಲ್ಲಿ 2022ನೇ ಇಸವಿಯೊಂದರಲ್ಲಿಯೇ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರಕಾರದ ಲೆಕ್ಕ ಹೇಳುತ್ತದೆ. ಇಷ್ಟು ಜೀವ ತೆಗೆದವು ಮನುಷ್ಯರು ಓಡಿಸಿದ ಗಾಡಿಗಳೇ. ಯಂತ್ರದಿಂದ ಇದರಲ್ಲಿ ಅರ್ಧ ಜೀವ ಉಳಿಯುವುದಾದರೆ ಬೇಡವೆನ್ನಲು ನಾವಾರು?

ಆದರೆ ಹಿರಿಯರು ಕೊಂಡವಾಡೆಯಲ್ಲಿ ಕೇಳಿದ ಪ್ರಶ್ನೆ ಅಲ್ಲಿಯೇ ಉಳಿಯುತ್ತದೆ. ತಪ್ಪಾದಾಗ ಹೊಣೆ ಯಾರದು?

2018ರ ಮಾರ್ಚ್ 18ರ ರಾತ್ರಿ ಅಮೇರಿಕಾದ ಟೆಂಪಿ ಎಂಬ ಊರಿನಲ್ಲಿ ಉಬರ್ ಕಂಪನಿಯವರು ಪರೀಕ್ಷೆಗಾಗಿ ಓಡಿಸುತ್ತಿದ್ದ ಸ್ವಯಂಚಾಲಿತ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಣ್ಣುಮಗಳೊಬ್ಬಳಿಗೆ ಬಡಿಯಿತು. ಆಕೆ ಉಳಿಯಲಿಲ್ಲ. ಕಾರಿನ ಮೇಲೆ ಕಣ್ಣಿಡಲು ಒಬ್ಬ ನೌಕರಳನ್ನು ಸೀಟಿನಲ್ಲಿ ಕೂರಿಸಿದ್ದರು. ಆಕೆಯ ಕಣ್ಣು ಮೊಬೈಲ್ ಮೇಲಿತ್ತು. ತನಿಖೆಯಲ್ಲಿ ಇನ್ನೂ ಹಲವು ಸಂಗತಿ ಹೊರಬಿದ್ದವು. ಕಾರಿನ ಯಂತ್ರಕ್ಕೆ ಎದುರಿಗೆ ಏನೋ ಇದೆಯೆಂದು ಐದು ಸೆಕೆಂಡಿಗೂ ಮೊದಲೇ ಕಂಡಿತ್ತು. ಆದರೆ ಅದು ಗಾಡಿಯೋ, ಸೈಕಲ್ಲೋ, ಬೇರೇನೋ ಎಂದು ಅದು ನಿರ್ಧಾರ ಬದಲಿಸುತ್ತಲೇ ಇತ್ತು. ದಾಟುಪಟ್ಟಿ ಬಿಟ್ಟು ಬೇರೆ ಕಡೆ ಮನುಷ್ಯರು ರಸ್ತೆ ದಾಟುತ್ತಾರೆಂಬುದನ್ನೇ ಅದಕ್ಕೆ ಕಲಿಸಿರಲಿಲ್ಲ. ಕಾರು ತಯಾರಿಸಿದವರು ಇಟ್ಟಿದ್ದ ತುರ್ತು ಬ್ರೇಕನ್ನು ಕಂಪನಿಯವರು ಬಂದು ಮಾಡಿಟ್ಟಿದ್ದರು. ಮೊದಲು ಇಬ್ಬರು ಕುಳಿತುಕೊಳ್ಳುತ್ತಿದ್ದಲ್ಲಿ ಒಬ್ಬರನ್ನೇ ಕೂರಿಸಿದ್ದರು.

ಕೊನೆಗೆ ಆದದ್ದೇನು? ಸತ್ತವಳ ಮನೆಯವರೊಂದಿಗೆ ಕಂಪನಿ ಹಣದ ಒಪ್ಪಂದ ಮಾಡಿಕೊಂಡಿತು. ಕಂಪನಿಯ ಮೇಲೆ ಕ್ರಿಮಿನಲ್ ಖಟ್ಲೆ ಹೂಡಲು ಆಧಾರವಿಲ್ಲವೆಂದು 2019ರಲ್ಲಿ ಸರಕಾರಿ ವಕೀಲರು ಹೇಳಿದರು. ಖಟ್ಲೆ ನಡೆದದ್ದು ಆ ನೌಕರಳ ಮೇಲೆ ಮಾತ್ರ. 2023ರಲ್ಲಿ ಆಕೆ ತಪ್ಪೊಪ್ಪಿಕೊಂಡು ಮೂರು ವರ್ಷದ ನಿಗಾದ ಶಿಕ್ಷೆಗೆ ಒಳಗಾದಳು. ಆಕೆಯದು ತಪ್ಪಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಬ್ರೇಕ್ ಬಂದು ಮಾಡಿದವರು ಯಾರು? ಇಬ್ಬರನ್ನು ಒಬ್ಬರಿಗಿಳಿಸಿದವರು ಯಾರು? ಅವರಾರೂ ಆ ರಾತ್ರಿ ಆ ಕಾರಿನಲ್ಲಿರಲಿಲ್ಲ.

2023ರ ಅಕ್ಟೋಬರ್ 2ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇನ್ನೊಂದು ಘಟನೆ ನಡೆಯಿತು. ಮನುಷ್ಯನೊಬ್ಬ ಓಡಿಸುತ್ತಿದ್ದ ಕಾರು ಒಬ್ಬ ಹೆಂಗಸಿಗೆ ಬಡಿದು ಓಡಿಹೋಯಿತು. ಆಕೆ ಸಿಡಿದು ಬಿದ್ದದ್ದು ಕ್ರೂಸ್ ಕಂಪನಿಯ ಚಾಲಕರಹಿತ ಟ್ಯಾಕ್ಸಿಯ ಮುಂದೆ. ಆ ಟ್ಯಾಕ್ಸಿ ಬಡಿದು ನಿಂತಿತೇನೋ ನಿಜ, ಆಮೇಲೆ ರಸ್ತೆಯ ಬದಿಗೆ ಸರಿಯಬೇಕೆಂದು ಆಕೆಯನ್ನು ಅಡಿಯಲ್ಲಿಟ್ಟುಕೊಂಡೇ ಸುಮಾರು ಇಪ್ಪತ್ತು ಅಡಿ ಎಳೆಯಿತು. ಅಪಘಾತವಾದ ಮೇಲೆ ಬದಿಗೆ ಸರಿಯಬೇಕೆಂಬ ನಿಯಮ ಅದಕ್ಕೆ ಗೊತ್ತಿತ್ತು, ತನ್ನ ಅಡಿಯಲ್ಲಿ ಒಂದು ಜೀವವಿದೆಯೆಂಬುದು ಗೊತ್ತಿರಲಿಲ್ಲ. ಯಂತ್ರದ ತಪ್ಪು ಇಷ್ಟಾದರೆ ಮನುಷ್ಯರ ತಪ್ಪು ಅದಕ್ಕಿಂತ ದೊಡ್ಡದು. ಕಂಪನಿಯವರು ಸರಕಾರಕ್ಕೆ ಕೊಟ್ಟ ವರದಿಯಲ್ಲಿ ಆ ಎಳೆದಾಟದ ಸಂಗತಿಯನ್ನು ಮುಚ್ಚಿಟ್ಟರು. ಪರವಾನಿಗೆ ಹೋಯಿತು. ಸುಳ್ಳು ವರದಿ ಕೊಟ್ಟದ್ದನ್ನು ಒಪ್ಪಿಕೊಂಡು 2024ರಲ್ಲಿ ಐದು ಲಕ್ಷ ಡಾಲರ್ ದಂಡ ತೆತ್ತರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆ ಟ್ಯಾಕ್ಸಿಯ ವ್ಯವಹಾರವೇ ಮುಚ್ಚಿತು.

2025ರಲ್ಲಿ ಅದೇ ಸೀಮೆಯಲ್ಲಿ ತಿರುಗಬಾರದ ಕಡೆ ತಿರುಗಿದ ಇಂಥ ಟ್ಯಾಕ್ಸಿಯೊಂದನ್ನು ಪೊಲೀಸರು ತಡೆದರು. ಪಾವತಿ ಯಾರ ಹೆಸರಿಗೆ ಹರಿಯಬೇಕು? ಸೀಟಿನಲ್ಲಿ ಯಾರೂ ಇಲ್ಲ. ಬರಿಗೈಯಲ್ಲಿ ಬಿಟ್ಟು ಕಳಿಸಿದರು. ಇಂಥ ಕಾರು ತಪ್ಪು ಮಾಡಿದರೆ ಅದರ ಕಂಪನಿಗೇ ನೋಟೀಸು ಕೊಡಬೇಕೆಂಬ ಕಾಯ್ದೆಯನ್ನು ಕ್ಯಾಲಿಫೋರ್ನಿಯಾ ರಾಜ್ಯವು 2024ರಲ್ಲಿ ಮಾಡಿದ್ದರೂ ಅದು ಜಾರಿಗೆ ಬರಲು ಗೊತ್ತುಮಾಡಿದ ದಿನ 2026ರ ಜುಲೈ 1. ಬ್ರಿಟನ್ ದೇಶವೂ 2024ರಲ್ಲಿ ಕಾಯ್ದೆ ಮಾಡಿ, ಕಾರು ತಾನೇ ಓಡುತ್ತಿರುವಾಗ ಓಡಿಸುವಿಕೆಯಲ್ಲಿ ಆದ ತಪ್ಪಿಗೆ ಕುಳಿತವನಲ್ಲ, ಅಪ್ಪಣೆ ಪಡೆದ ಸಂಸ್ಥೆಯೇ ಹೊಣೆಯೆಂದು ಗೊತ್ತುಪಡಿಸಿತು. ನಮ್ಮ ಪಂಚರ ನ್ಯಾಯಕ್ಕೆ ಅವರು ಈಗ ಬಂದಂತಾಯಿತು.

ಇದೆಲ್ಲ ದೂರದೇಶದ ಮಾತೆಂದು ತಳ್ಳಿಹಾಕಬೇಡಿ. ಹೊಣೆಯು ಮೇಲಿನಿಂದ ಕೆಳಕ್ಕೆ ಹರಿಯುವುದು, ಲಾಭವು ಕೆಳಗಿನಿಂದ ಮೇಲಕ್ಕೆ ಹೋಗುವುದು ನಮ್ಮಲ್ಲಿಯೂ ಇದೆ. 2024ರ ಮೇ 19ರಂದು ಪುಣೆಯಲ್ಲಿ ಹದಿನೇಳು ವರ್ಷದ ಶ್ರೀಮಂತರ ಹುಡುಗನು ಓಡಿಸುತ್ತಿದ್ದನೆನ್ನಲಾದ ಕಾರು ಇಬ್ಬರು ತರುಣ ಎಂಜಿನಿಯರರ ಪ್ರಾಣ ತೆಗೆಯಿತು. ಕಾರು ನಾನೇ ಓಡಿಸುತ್ತಿದ್ದೆನೆಂದು ಹೇಳುವಂತೆ ಮನೆಯ ಡ್ರೈವರನ ಮೇಲೆ ಒತ್ತಡ ತಂದರೆಂಬುದು ಪೊಲೀಸರು ಆ ಮನೆಯವರ ಮೇಲೆ ಹೊರಿಸಿದ ಆರೋಪ. ಚಾಲಕನಿಲ್ಲದ ಕಾರಿನಲ್ಲಿ ಹೊಣೆ ಹೊರಲು ಮನುಷ್ಯ ಸಿಗುವುದಿಲ್ಲ. ಚಾಲಕನಿರುವ ಮನೆಯಲ್ಲಿ ಹೊಣೆ ಹೊರಿಸಲು ಒಬ್ಬ ಬಡವ ಸಿಗುತ್ತಾನೆ. ಎರಡರ ಬೇರೂ ಒಂದೇ.

ಪರರ ಮಾತೇಕೆ, ನನ್ನದೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಕಬ್ಬಿನ ಹಂಗಾಮಿನಲ್ಲಿ ನನ್ನ ಟ್ರ್ಯಾಕ್ಟರ್ ಎರಡು ಟ್ರೇಲರ್ ಕಟ್ಟಿಕೊಂಡು ಕಾರ್ಖಾನೆಗೆ ಹೊರಟಿತ್ತು. ನಡುದಾರಿಯಲ್ಲಿ ಪಂಚರ್ ಆಗಿ ರಾತ್ರಿ ರಸ್ತೆಯಲ್ಲಿಯೇ ನಿಂತಿತು. ಹಿಂದೆ ರೇಡಿಯಂ ಇರಲಿಲ್ಲ, ದೀಪವಿರಲಿಲ್ಲ. ಮೋಟಾರ್ ಸೈಕಲ್ ಮೇಲೆ ಬಂದ ಹುಡುಗನೊಬ್ಬ ಹಿಂದಿನಿಂದ ಬಡಿದು ಕಾಲು ಮುರಿದುಕೊಂಡ. ಕೇಸು ಡ್ರೈವರನ ಮೇಲಾಯಿತು. ನಾನು ವಕೀಲರನ್ನು ಹಚ್ಚಿದೆ, ಫೀ ಕೊಟ್ಟೆ, ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ. ಒಂದು ದಿನ ಕೋರ್ಟಿನಿಂದ ತಿರುಗಿ ಬರುವಾಗ ಅವನು ಮೆಲ್ಲಗೆ ಅಂದ: “ಸಾವ್ಕಾರ್ರ, ರೇಡಿಯಂ ಹಚ್ಚಸ್ರಿ ಅಂತ ನಾ ಎರಡ ಸಲ ಹೇಳಿದ್ನಿಲ್ರಿ? ನೀವು ಮುಂದಿನ ವಾರ ನೋಡೂಣು ಅಂದ್ರಿ. ಗಾಡಿ ನಿಮ್ದು, ವಾರಾನೂ ನಿಮ್ದು. ಕೇಸ ಅಷ್ಟ ನಂದಾತು.”

ನನಗೆ ಉತ್ತರ ಹೊಳೆಯಲಿಲ್ಲ. ಆ ಹುಡುಗನ ಮನೆಗೆ ನಾನು ಹೋದದ್ದು ಆಮೇಲೆ. ಮೊದಲೇ ಹೋಗಬೇಕಿತ್ತು.

ನುಲಿಯ ಚಂದಯ್ಯನವರ ಕಥೆ ನಿಮಗೆಲ್ಲ ತಿಳಿದದ್ದೇ. ವಿಜಯಪುರ ಸೀಮೆಯ ಶಿವಣಗಿಯವರೆಂದು ಹೇಳುತ್ತಾರೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ಬಿದ್ದಿತು. ಬಿಟ್ಟುಹೋದ ಲಿಂಗವನ್ನು ಅವರು ಮತ್ತೆ ಧರಿಸಲೊಲ್ಲರು. ಲಿಂಗವೇ ಬೆನ್ನು ಹತ್ತಿ ಬೇಡಿಕೊಂಡಿತಂತೆ. ಮಡಿವಾಳ ಮಾಚಯ್ಯನವರು ನಡುವೆ ಬಂದು ಹೇಳಿದ ಮೇಲೆ, ಹಾಗಾದರೆ ಕಾಯಕ ಮಾಡಲಿ ಎಂದು ಹಗ್ಗ ಮಾರಿಬರಲು ಲಿಂಗವನ್ನೇ ಕಳಿಸಿದರು. ಅದು ಹಗ್ಗವನ್ನು ಬಸವಣ್ಣನವರಿಗೆ ಮಾರಿ, ಹಗ್ಗದ ಬೆಲೆಗೆ ಎಷ್ಟೋ ಪಾಲು ಹೆಚ್ಚಿನ ಹೊನ್ನು ತಂದಿತು. ಚಂದಯ್ಯನವರು ಅದನ್ನು ಒಪ್ಪಿಕೊಳ್ಳಲಿಲ್ಲ.

ಈ ಕಥೆಯನ್ನು ನಾವು ಸತ್ಯಶುದ್ಧ ಕಾಯಕದ ದೃಷ್ಟಾಂತವೆಂದು ಕೇಳುತ್ತ ಬಂದಿದ್ದೇವೆ. ಅದರಲ್ಲಿ ಇನ್ನೊಂದು ಮಾತೂ ಅಡಗಿದೆ. ಪೇಟೆಗೆ ಹೋದವರು ಚಂದಯ್ಯನವರಲ್ಲ. ಬೆಲೆ ಹೇಳಿದವರೂ ಅವರಲ್ಲ. ‘ಹೋದದ್ದು ಲಿಂಗ, ತಂದದ್ದು ಲಿಂಗ, ನನಗೇನು’ ಎನ್ನಬಹುದಿತ್ತು. ಅವರು ಹಾಗೆನ್ನಲಿಲ್ಲ. ನನ್ನ ಹೆಸರಿನಲ್ಲಿ ನಡೆದ ವ್ಯವಹಾರ ನನ್ನದು, ಅದನ್ನು ಸಾಕ್ಷಾತ್ ಶಿವನೇ ಮಾಡಿದರೂ ಸರಿ, ಎಂಬುದು ಅವರ ನಿಲುವು. ಶಿವನನ್ನು ಕಳಿಸಿದಾಗಲೂ ಹೊಣೆ ತಪ್ಪದಿದ್ದರೆ, ಯಂತ್ರವನ್ನೋ ಆಳನ್ನೋ ಕಳಿಸಿದಾಗ ತಪ್ಪುವುದುಂಟೇ?

ಇಲ್ಲಿ ವ್ಯಾಪಾರಸ್ಥರು ಒಂದು ಮಾತು ಕೇಳಬಹುದು. ‘ನನ್ನ ನಾಲ್ಕು ಲಾರಿ ನಾಲ್ಕು ದಿಕ್ಕಿಗೆ ಹೋಗುತ್ತವೆ. ನೂರು ಮೈಲಿ ಆಚೆ ಡ್ರೈವರ್ ಏನು ಮಾಡುತ್ತಾನೆಂದು ನಾನು ಹೇಗೆ ಬಲ್ಲೆ? ಎಲ್ಲಕ್ಕೂ ನಾನೇ ಹೊಣೆಯೆಂದರೆ ಗಾಡಿ ಇಡುವುದು ಹೇಗೆ?’ ಇದು ನ್ಯಾಯವಾದ ಪ್ರಶ್ನೆ. ಎಲ್ಲಕ್ಕೂ ಒಡೆಯನೇ ಅಪರಾಧಿ ಎನ್ನುವುದು ಸರಿಯಲ್ಲ. ದಾಬಾದಲ್ಲಿ ಡ್ರೈವರ್ ಕದ್ದು ಕುಡಿದರೆ ಆ ಪಾಪ ಅವನದೇ. ಆದರೆ ಕೆಲವು ಸಂಗತಿಗಳು ಗಾಡಿ ಅಂಗಳ ಬಿಡುವ ಮೊದಲೇ ನಿರ್ಧಾರವಾಗಿರುತ್ತವೆ. ಬ್ರೇಕ್ ಹೇಗಿದೆ, ಟಾಯರ್ ಸವೆದಿದೆಯೇ, ಹೇರು ಎಷ್ಟು, ಡ್ರೈವರ್ ನಿದ್ದೆ ಮಾಡಿ ಎಷ್ಟು ಹೊತ್ತಾಯಿತು, ಇನ್ನೊಂದು ಖೇಪು ಹೊಡೆಯೆಂದು ಹೇಳಿದವರಾರು? ಇವು ನಮ್ಮ ಕೈಯಲ್ಲಿದ್ದವು. ಕೈಯಲ್ಲಿದ್ದಷ್ಟಕ್ಕೆ ಹೊಣೆ. ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯೂ ಇಲ್ಲ.

ಕಾಯ್ದೆಯೂ ಈಗ ಈ ದಾರಿಗೆ ಬರುತ್ತಿದೆ. 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯಂತೆ ಅಪ್ರಾಪ್ತ ಮಗ ಗಾಡಿ ಓಡಿಸಿ ಅಪರಾಧವೆಸಗಿದರೆ ತಂದೆಗೆ ಅಥವಾ ಒಡೆಯನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ಒಂದು ವರ್ಷ ಗಾಡಿಯ ನೋಂದಣಿ ರದ್ದು. ತನಗೆ ತಿಳಿಯದೆ ನಡೆಯಿತು ಅಥವಾ ತಡೆಯಲು ಮಾಡಬೇಕಾದುದನ್ನೆಲ್ಲ ಮಾಡಿದ್ದೆ ಎಂದು ಸಾಬೀತು ಮಾಡಿದರೆ ಮಾತ್ರ ಬಿಡುಗಡೆ. ಮಗ ಟ್ರ್ಯಾಕ್ಟರ್ ಹೊಡೆಯುತ್ತಾನೆಂದು ಜಂಬದಿಂದ ಹೇಳಿಕೊಳ್ಳುವ ನಮ್ಮ ರೈತ ಬಂಧುಗಳು ಇದನ್ನು ಮರೆಯಬಾರದು.

ಡ್ರೈವರರ ಕಷ್ಟವನ್ನೂ ನೋಡಿರಿ. ಅಪಘಾತದಲ್ಲಿ ಜೀವ ಹೋಗಿ, ತಿಳಿಸದೆ ಓಡಿಹೋದ ಚಾಲಕನಿಗೆ ಹತ್ತು ವರ್ಷದವರೆಗೆ ಶಿಕ್ಷೆಯೆಂದು ಹೊಸ ನ್ಯಾಯ ಸಂಹಿತೆಯಲ್ಲಿ ಬರೆದಾಗ, 2024ರ ಜನವರಿಯ ಆರಂಭದಲ್ಲಿ ಲಾರಿ ಚಾಲಕರು ಗಾಡಿ ನಿಲ್ಲಿಸಿ ಕುಳಿತರು. ‘ನಿಂತರೆ ಜನ ಬಡಿಯುತ್ತಾರೆ, ಓಡಿದರೆ ಜೈಲು’ ಎಂಬುದು ಅವರ ಗೋಳು. ಆ ವರ್ಷದ ಜುಲೈ 1ರಂದು ಸಂಹಿತೆ ಜಾರಿಯಾದಾಗ ಆ ಉಪಕಲಮನ್ನು ತಡೆಹಿಡಿದರು. ಬಿದ್ದವನನ್ನು ಬಿಟ್ಟು ಓಡುವುದು ಧರ್ಮವಲ್ಲ. ಆದರೆ ನಿಂತವನನ್ನು ಹೊಡೆಯುವ ಗುಂಪಿನಲ್ಲಿ ನಾವೂ ಇದ್ದರೆ, ಅವನ ಓಟದಲ್ಲಿ ನಮ್ಮ ಪಾಲೂ ಇದೆ. ಗಾಯಾಳುವನ್ನು ಆಸ್ಪತ್ರೆಗೆ ಒಯ್ದವನಿಗೆ ಪೊಲೀಸರ ಕಾಟವಾಗದಂತೆ 2019ರ ಕಾಯ್ದೆಯಲ್ಲಿಯೇ ರಕ್ಷಣೆಯಿದೆ. ಹೆದರಿ ಮುಖ ತಿರುಗಿಸಲು ನಮಗೆ ಈಗ ನೆಪವಿಲ್ಲ.

ಚಾಲಕರ ಹೊಟ್ಟೆಯ ಮೇಲೆ ಹೊಡೆಯುತ್ತದೆಂದು ಚಾಲಕರಹಿತ ಕಾರನ್ನು ದೇಶದೊಳಗೆ ಬಿಡುವುದಿಲ್ಲವೆಂದು ಸಾರಿಗೆ ಸಚಿವರಾಗಿ ನಿತಿನ್ ಗಡ್ಕರಿಯವರು 2023ರಲ್ಲಿ ಹೇಳಿದ್ದರು. ಎಷ್ಟು ದಿನ ತಡೆಯುವರೋ ಕಾಲವೇ ಹೇಳಬೇಕು. ಅದು ಬಂದರೂ ಬರಲಿ, ಬಿಟ್ಟರೂ ಬಿಡಲಿ, ನಮ್ಮ ಪ್ರಶ್ನೆ ಬದಲಾಗುವುದಿಲ್ಲ. ಕೀಲಿ ಡ್ರೈವರನಿಗೆ ಕೊಟ್ಟೆವೋ ಯಂತ್ರಕ್ಕೆ ಕೊಟ್ಟೆವೋ, ಕಳಿಸಿದವರು ನಾವು.

ಹಂಗಾಮು ಶುರುವಾಗುವ ಮೊದಲು ಒಂದು ದಿನ ಬಿಡುವು ಮಾಡಿಕೊಳ್ಳಿರಿ. ಟ್ರೇಲರಿನ ಹಿಂದೆ ರೇಡಿಯಂ ಹಚ್ಚಿಸಿರಿ, ದೀಪ ಹಾಕಿಸಿರಿ. ಎರಡು ರಾತ್ರಿ ಓಡಿಸಿದವನನ್ನು ಮೂರನೆಯ ರಾತ್ರಿ ಮಲಗಿಸಿರಿ. ವಿಮೆಯ ಕಾಗದ ತೆಗೆದು ತಾರೀಖು ನೋಡಿರಿ. ಡ್ರೈವರ್ ಗಾಡಿಯ ತೊಂದರೆ ಹೇಳಿದರೆ ಅಂದೇ ಕೇಳಿರಿ, ಮುಂದಿನ ವಾರವೆನ್ನಬೇಡಿರಿ. ನಾನು ಹಾಗೆಂದ ಒಂದು ವಾರದಲ್ಲಿ ಕಾಲು ಮುರಿದುಕೊಂಡ ಹುಡುಗ ಇಂದಿಗೂ ಕುಂಟುತ್ತಲೇ ನಮ್ಮ ಸಂತೆಗೆ ಬರುತ್ತಾನೆ. ನನ್ನನ್ನು ಕಂಡರೆ ಶರಣು ಅನ್ನುತ್ತಾನೆ. ನಾನೂ ಅನ್ನುತ್ತೇನೆ.