ಮಾನ್ಯಖೇಟದ ಯಾತ್ರಿಕನೂ ಅವನ ಋಣವೂ

ದೇವಕ್ಷೇತ್ರಕ್ಕೆ ಹೊರಟವನಿಗೆ ತಾನು ಏತಕ್ಕಾಗಿ ಹೋಗುತ್ತಿದ್ದೇನೆಂಬುದು ತಿಳಿದಿರುತ್ತದೆ. ಅವನ ಮನಸ್ಸಿನಲ್ಲಿ ಒಂದು ಹರಕೆಯಿರುತ್ತದೆ. ಸಂತೆಗೆ ಹೊರಟವನಿಗೂ ತಿಳಿದಿರುತ್ತದೆ; ಅವನ ಕೈಯಲ್ಲಿ ಒಂದು ಚೀಲವಿರುತ್ತದೆ. ಕವಿಗಳು ಬಾಳಿದ ಊರನ್ನು ನೋಡಿಬರಲು ಹೊರಟವನ ಸ್ಥಿತಿ ಮಾತ್ರ ಇವರಿಬ್ಬರದಕ್ಕಿಂತಲೂ ಭಿನ್ನವಾದುದು. ಅವನಿಗೆ ಹರಕೆಯೂ ಇಲ್ಲ, ಚೀಲವೂ ಇಲ್ಲ. ಶನಿವಾರ ಸಂಜೆ ಹೊರಟು, ರವಿವಾರ ಊರನ್ನು ಸುತ್ತಿ, ಸೋಮವಾರ ತನ್ನ ಕೆಲಸಕ್ಕೆ ಹಿಂದಿರುಗುವ ಈ ಯಾತ್ರಿಕನು ಅಲ್ಲಿಂದ ಏನನ್ನು ತರುತ್ತಾನೆ? ಅಲ್ಲಿ ಏನನ್ನಾದರೂ ಇಟ್ಟುಬರುವ ಕರ್ತವ್ಯವು ಅವನಿಗೆ ಉಂಟೇ? ಈ ಪ್ರಶ್ನೆಯು ಅಲ್ಪವಾಗಿ ತೋರಿದರೂ ಅಲ್ಪವಲ್ಲ. ಹಿಂದಿನವರು ಬಿಟ್ಟುಹೋದ ಸಂಪತ್ತು ಯಾರದು, ಅದನ್ನು ಅನುಭವಿಸುವ ಹಕ್ಕು ಯಾವುದರಿಂದ ಬರುತ್ತದೆ ಎಂಬ ದೊಡ್ಡ ಪ್ರಶ್ನೆಯೇ ಇದರಲ್ಲಿ ಅಡಗಿದೆ.

ಈ ವಿಷಯದಲ್ಲಿ ಎರಡು ಪಕ್ಷಗಳುಂಟು. ಕಾವ್ಯವು ಶಬ್ದದಲ್ಲಿದೆಯೇ ಹೊರತು ಮಣ್ಣಿನಲ್ಲಿಲ್ಲ. ಕವಿಯನ್ನು ಕಾಣಬೇಕೆಂದಿರುವವನು ಗ್ರಂಥವನ್ನು ತೆರೆಯಲಿ, ಬಂಡಿಯನ್ನು ಹೂಡಬೇಕಾದುದಿಲ್ಲ ಎನ್ನುವುದು ಒಂದು ಪಕ್ಷ. ಕವಿಯೂ ಒಂದು ನೆಲದ ಅನ್ನವನ್ನುಂಡು, ಒಂದು ಹೊಳೆಯ ನೀರನ್ನು ಕುಡಿದು, ಒಂದು ಜನದ ಮಾತನ್ನು ಕೇಳಿ ಬೆಳೆದವನು. ಆ ನೆಲವನ್ನು ಕಾಣದವನು ಅವನನ್ನು ಅರ್ಧ ಮಾತ್ರ ಕಂಡವನು ಎನ್ನುವುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡು ಪಕ್ಷದವರೂ ಒಂದನ್ನು ಮರೆತಿರುತ್ತಾರೆ: ಆ ಊರಿನಲ್ಲಿ ಇಂದು ಜನರು ವಾಸವಾಗಿದ್ದಾರೆ.

ಇಂಗ್ಲೆಂಡಿನ ಏವನ್ ನದಿಯ ದಂಡೆಯಲ್ಲಿರುವ ಸ್ಟ್ರ್ಯಾಟ್‌ಫರ್ಡ್ ಪಟ್ಟಣದ ವೃತ್ತಾಂತವು ಇಲ್ಲಿ ಉಪಯುಕ್ತವಾದುದು. ಅದು ಮೊದಲು ಸಂತೆಯ ಊರು. ವಾರದ ಸಂತೆಯನ್ನು ನಡೆಸುವ ಅಧಿಕಾರವು ಅದಕ್ಕೆ 1196ರಲ್ಲಿ ರಾಜನಿಂದ ದೊರೆಯಿತು. ಷೇಕ್ಸ್‌ಪಿಯರ್ ಮಹಾಕವಿಯು ಅಲ್ಲಿ 1564ರಲ್ಲಿ ಹುಟ್ಟಿ 1616ರಲ್ಲಿ ಅಲ್ಲಿಯೇ ತೀರಿಕೊಂಡನು. ಮುಂದೆ ಅವನ ಕೊನೆಗಾಲದ ಮನೆಯು ಗ್ಯಾಸ್ಟ್ರೆಲ್ ಎಂಬ ಪಾದ್ರಿಯ ವಶಕ್ಕೆ ಬಂದಿತು. ಕವಿಯೇ ನೆಟ್ಟದ್ದೆಂದು ಹೇಳಲಾಗುತ್ತಿದ್ದ ಹಿಪ್ಪುನೇರಳೆಯ ಮರವೊಂದು ಆ ಹಿತ್ತಿಲಿನಲ್ಲಿತ್ತು. ಅದನ್ನು ನೋಡಲು ಬರುವವರ ಕಾಟಕ್ಕೆ ಬೇಸತ್ತು ಪಾದ್ರಿಯು 1756ರಲ್ಲಿ ಮರವನ್ನು ಕಡಿಸಿದನು. 1759ರಲ್ಲಿ ಮನೆಯನ್ನೇ ಕೆಡವಿಸಿದನು. ಊರಿನವರ ಕೋಪವನ್ನು ತಾಳಲಾರದೆ ಅವನು ಊರನ್ನು ಬಿಡಬೇಕಾಯಿತು. ಇನ್ನು ಯಾತ್ರಿಕರ ನಡತೆಯೂ ಹೊಗಳತಕ್ಕದ್ದಾಗಿರಲಿಲ್ಲ. ಕಡಿದ ಮರದ ಚೂರುಗಳು ಪೆಟ್ಟಿಗೆಗಳಾಗಿಯೂ ಬಟ್ಟಲುಗಳಾಗಿಯೂ ಮಾರಾಟವಾದವು. ಕವಿಯು ಹುಟ್ಟಿದ ಮನೆಯಲ್ಲಿ ತೋರಿಸುತ್ತಿದ್ದ ಕುರ್ಚಿಗೆ, ಕುಳಿತೆದ್ದವರ ಭಕ್ತಿಯ ದೆಸೆಯಿಂದ, ಮೂರು ವರ್ಷಕ್ಕೊಮ್ಮೆಯಾದರೂ ಹೊಸ ತಳವನ್ನು ಹಾಕಿಸಬೇಕಾಗುತ್ತಿತ್ತೆಂದು 1815ರಲ್ಲಿ ಅಲ್ಲಿಗೆ ಹೋಗಿದ್ದ ಅಮೆರಿಕದ ಲೇಖಕ ಇರ್ವಿಂಗನು ನಗುತ್ತ ಬರೆದಿದ್ದಾನೆ.

ಇಲ್ಲಿ ತಪ್ಪು ಯಾರದು? ಹಣ ಕೊಟ್ಟು ಕೊಂಡದ್ದರಿಂದ ಮನೆ ತನ್ನದೆಂದು ಪಾದ್ರಿಯು ತಿಳಿದನು; ಕವಿಯ ಹೆಸರನ್ನು ಬಲ್ಲದ್ದರಿಂದ ಮರ ತಮ್ಮದೆಂದು ಯಾತ್ರಿಕರು ತಿಳಿದರು. ಒಬ್ಬನು ಸ್ವಾಮ್ಯವನ್ನು ಕ್ರಯಪತ್ರದಲ್ಲಿ ಕಂಡನು, ಇತರರು ಅಭಿಮಾನದಲ್ಲಿ ಕಂಡರು. ಕಾಪಾಡುವ ಹೊಣೆಯನ್ನು ಹೊರದೆ ಹಕ್ಕನ್ನು ಬೇಡಿದ್ದರಲ್ಲಿ ಇಬ್ಬರೂ ಸಮಾನರು. 1847ರಲ್ಲಿ ಕವಿಯ ಜನ್ಮಗೃಹವು ಹರಾಜಿಗೆ ಬಂದಾಗ ಸಾರ್ವಜನಿಕರು ಚಂದಾ ಕೂಡಿಸಿ ಅದನ್ನು ಕೊಂಡರು. ಅಂದಿನಿಂದ ಅದು ಯಾರೊಬ್ಬರ ಸ್ವತ್ತೂ ಅಲ್ಲ. ಅದನ್ನು ಕಾಯಲು ಕಾಸು ಕೊಟ್ಟವರೆಲ್ಲರದೂ ಹೌದು. ಹಕ್ಕು ಹೊಣೆಯ ಹಿಂದೆ ಬರಬೇಕೆಂಬ ನೀತಿಯು ಆ ಊರಿಗೆ ತಿಳಿಯಲು, ಒಂದು ಮರವನ್ನೂ ಒಂದು ಮನೆಯನ್ನೂ ಕಳೆದುಕೊಂಡಮೇಲೆ, ತೊಂಬತ್ತು ವರ್ಷಗಳಷ್ಟು ಕಾಲ ಬೇಕಾಯಿತು.

ಈ ನೀತಿಯನ್ನು ಕನ್ನಡ ನಾಡಿನಲ್ಲಿಟ್ಟು ಪರೀಕ್ಷಿಸಬೇಕಾದರೆ ಮಾನ್ಯಖೇಟಕ್ಕಿಂತ ತಕ್ಕ ಸ್ಥಳವಿಲ್ಲ. ನಾಲವಾರದ ಗೃಹಸ್ಥನೊಬ್ಬನು ಶನಿವಾರ ರೈಲನ್ನೇರಿದರೆ ವಾಡಿಯಲ್ಲಿಳಿದು, 1874ರಲ್ಲಿ ನಿಜಾಮರ ಸಂಸ್ಥಾನಕ್ಕಾಗಿ ಹಾಕಿದ ಹೈದರಾಬಾದಿನ ಹಾದಿಯನ್ನು ಹಿಡಿದು, ಚಿತ್ತಾಪುರವನ್ನು ದಾಟಿ, ಸೇಡಮ್ಮಿಗೆ ಮೊದಲೇ ಮಳಖೇಡದ ನಿಲ್ದಾಣವನ್ನು ಸೇರಬಹುದು. ಹಾದಿಯುದ್ದಕ್ಕೂ ಕಪ್ಪುನೆಲ, ತೊಗರಿಯ ಹೊಲ, ಪದರಪದರವಾಗಿ ಏಳುವ ಶಹಾಬಾದಿನ ಕಲ್ಲು, ಸಿಮೆಂಟಿನ ಕಾರ್ಖಾನೆಗಳ ಹೊಗೆಗೊಳವೆ. ಭೀಮೆಯನ್ನು ಕೂಡುವ ಕಾಗಿಣಾ ಹೊಳೆಯ ದಂಡೆಯಲ್ಲಿ ಮಳಖೇಡವೆಂಬ ಊರಿದೆ. ಇದೇ ರಾಷ್ಟ್ರಕೂಟರ ಮಾನ್ಯಖೇಟ. 814ರಿಂದ 878ರ ವರೆಗೆ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಕವಿರಾಜಮಾರ್ಗವು ಹುಟ್ಟಿತು. ಮಹಾವೀರಾಚಾರ್ಯನು ಅದೇ ಅರಸನನ್ನು ಸ್ತುತಿಸಿ ಗಣಿತಸಾರಸಂಗ್ರಹವನ್ನು ಬರೆದನು. ಜಿನಸೇನಾಚಾರ್ಯರು ಆ ಅರಸನಿಗೆ ಗುರುವಾಗಿದ್ದರು. ಮುಂದೆ ಮೂರನೆಯ ಕೃಷ್ಣನ ಕಾಲದಲ್ಲಿ ಪೊನ್ನನು ಕನ್ನಡದಲ್ಲಿ ಕೀರ್ತಿಯನ್ನು ಪಡೆದನು. ಪುಷ್ಪದಂತನು ಅಪಭ್ರಂಶ ಭಾಷೆಯ ಮಹಾಪುರಾಣವನ್ನು 965ರಲ್ಲಿ ಈ ಊರಿನಲ್ಲಿಯೇ ಮುಗಿಸಿದನು.

ಆದರೆ ಅಲ್ಲಿಗೆ ಬಂದವನ ಕಣ್ಣಿಗೆ ಕಾಣುವುದೇನು? ಅನೇಕ ಕಾಲದ ಕೈಗಳನ್ನು ಕಂಡ ಕೋಟೆ, ನೇಮಿನಾಥನ ಬಸದಿ, ಟೀಕಾಚಾರ್ಯರದೆಂದು ಪೂಜೆಗೊಳ್ಳುವ ವೃಂದಾವನ, ಮಳೆಗಾಲದಲ್ಲಿ ಕೆಂಪಾಗಿ ಹರಿಯುವ ಹೊಳೆ, ಕೋಟೆಯ ಒಳಹೊರಗೆ ಒಕ್ಕಲುಮನೆಗಳು. ಜೈನನು ಬಸದಿಗೆ ಬರುತ್ತಾನೆ, ಮಾಧ್ವನು ವೃಂದಾವನಕ್ಕೆ ಬರುತ್ತಾನೆ; ಅವರಿಗೆ ತಮ್ಮ ದರ್ಶನವು ದೊರೆಯುತ್ತದೆ. ಕವಿಯನ್ನು ಹುಡುಕಿಕೊಂಡು ಬಂದವನಿಗೆ ತೋರಿಸಲು ಮನೆಯೂ ಇಲ್ಲ, ಮರವೂ ಇಲ್ಲ, ಕುರ್ಚಿಯೂ ಇಲ್ಲ. ಆಗ ಅವನ ನಿರಾಶೆಯು ಸುಲಭವಾಗಿ ತಿರಸ್ಕಾರವಾಗಿ ಪರಿಣಮಿಸುತ್ತದೆ. ಇಂತಹ ಊರಿನಲ್ಲಿ ಹುಟ್ಟಿ ಈ ಜನರು ನೃಪತುಂಗನನ್ನು ಅರಿಯರಲ್ಲಾ, ಹಳೆಯ ಕಲ್ಲಿಗೆ ಬೆರಣಿ ತಟ್ಟುತ್ತಾರಲ್ಲಾ ಎಂದು ಅವನು ಮರುಗುತ್ತಾನೆ. ದಕ್ಷಿಣದ ಜಿಲ್ಲೆಗಳಿಂದ ಬಂದವನಾದರೆ ಅಲ್ಲಿಯ ಮಾತಿನಲ್ಲಿರುವ ಉರ್ದುವಿನ ಪದಗಳನ್ನು ಕೇಳಿ ನಗುವುದೂ ಉಂಟು.

ಈ ಆರೋಪವು ನ್ಯಾಯವಾದುದೇ ಎಂಬುದನ್ನು ವಿಚಾರಮಾಡಬೇಕು. ಕವಿರಾಜಮಾರ್ಗವು ಅಚ್ಚಾಗಿ ಹೊರಬಂದದ್ದು 1898ರಲ್ಲಿ, ಕೆ. ಬಿ. ಪಾಠಕರ ಸಂಪಾದನೆಯಿಂದ, ದೂರದ ಬೆಂಗಳೂರಿನಲ್ಲಿ. ಅದಕ್ಕೆ ಹಿಂದೆ ಓಲೆಗರಿಗಳನ್ನು ಬಲ್ಲ ಕೆಲವರಿಗಲ್ಲದೆ ನಾಡಿನ ಯಾವ ಮೂಲೆಯವರಿಗೂ ಅದು ತಿಳಿಯದು. ಮಳಖೇಡದವರು ಮಾತ್ರ ಅದನ್ನು ಅರಿತಿರಬೇಕಾಗಿತ್ತೆಂಬುದು ಯಾವ ಧರ್ಮ? ಅಚ್ಚಾದ ಮೇಲೂ ಅದು ಅವರನ್ನು ಮುಟ್ಟುವ ದಾರಿಯಿರಲಿಲ್ಲ. 1948ರ ವರೆಗೆ ಈ ಸೀಮೆಯು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಕಚೇರಿಯ ವ್ಯವಹಾರವೂ ಮೇಲ್ಮಟ್ಟದ ವಿದ್ಯೆಯೂ ಉರ್ದುವಿನಲ್ಲಿ ನಡೆಯುತ್ತಿದ್ದುವು. 1956ರಲ್ಲಿ ಕನ್ನಡ ನಾಡು ಒಂದುಗೂಡುವವರೆಗೆ ಕನ್ನಡವು ಇಲ್ಲಿ ಮನೆಯ, ಹೊಲದ, ಸಂತೆಯ, ಮಠದ ಭಾಷೆಯಾಗಿ ಉಳಿದುಬಂದಿತು. ರಾಜನ ಬೆಂಬಲವಿಲ್ಲದೆ, ಪಾಠಶಾಲೆಯ ನೆರವಿಲ್ಲದೆ, ಒಂದು ಭಾಷೆಯನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರು ಅದೇ ಒಕ್ಕಲುಮನೆಯವರು. ಅರಮನೆಯು ಬಿದ್ದುಹೋಯಿತು, ಅರಮನೆಯಲ್ಲಿ ಯಾವ ಭಾಷೆಗೆ ಲಕ್ಷಣವನ್ನು ಬರೆದರೋ ಆ ಭಾಷೆಯು ಬೆರಣಿ ತಟ್ಟುವವಳ ಬಾಯಲ್ಲಿ ಉಳಿಯಿತು. ಕಲ್ಲನ್ನು ಕಾಯಲಿಲ್ಲವೆಂದು ಅವಳನ್ನು ದೂರುವವನು, ಅವಳು ಕಾಯ್ದದ್ದು ಯಾವುದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ?

ಇದಕ್ಕೆ ಒಂದು ಆಕ್ಷೇಪವು ಬರಬಹುದು. ಮಾತಾಡುವುದು ಉಸಿರಾಡುವಂತೆ ಸಹಜವಾದ ವ್ಯಾಪಾರ. ಬೇರೆ ಭಾಷೆ ಬಾರದ್ದರಿಂದ ಕನ್ನಡವನ್ನಾಡಿದರೇ ಹೊರತು ಪುಣ್ಯಸಂಪಾದನೆಗಾಗಿ ಅಲ್ಲ. ಅದನ್ನು ಸೇವೆಯೆಂದು ಹೊಗಳುವುದು ಭಾವಾತಿರೇಕ ಎಂದು. ಆಕ್ಷೇಪವು ಬಲವಾದುದೇ. ಉದ್ದೇಶವಿಲ್ಲದ ಕಾರ್ಯಕ್ಕೆ ಪೂರ್ಣ ಪುಣ್ಯವನ್ನು ಯಾವ ನೀತಿಶಾಸ್ತ್ರವೂ ಕೊಡಲಾರದು. ಆದರೆ ಪುಣ್ಯವು ಬೇರೆ, ಋಣವು ಬೇರೆ. ಮರವು ಉದ್ದೇಶವಿಟ್ಟು ನೆರಳನ್ನು ಕೊಡುವುದಿಲ್ಲ. ಆದರೂ ನೆರಳಿನಲ್ಲಿ ಕುಳಿತವನು ಅದರ ಬುಡಕ್ಕೆ ಕೊಡಲಿಯನ್ನಿಡುವುದು ಪಾಪವೇ. ಕೊಟ್ಟವನ ಉದ್ದೇಶವನ್ನು ತೂಗಿನೋಡಿ ಪಡೆದವನು ತನ್ನ ಋಣವನ್ನು ಕಡಿಮೆ ಮಾಡಿಕೊಳ್ಳುವುದು ಸಲ್ಲದು.

ಈ ವಿಚಾರದಲ್ಲಿ ಕವಿರಾಜಮಾರ್ಗವೇ ಸಾಕ್ಷಿಯಾಗಿ ನಿಲ್ಲುತ್ತದೆ. ಅದನ್ನು ಬರೆದವನು ನೃಪತುಂಗನ ಆಸ್ಥಾನದ ಶ್ರೀವಿಜಯನೆಂಬುದು ಇಂದು ವಿದ್ವಾಂಸರಲ್ಲಿ ಬಹುಮಂದಿಯ ಮತ. ಕಾವೇರಿಯಿಂದ ಗೋದಾವರಿಯ ವರೆಗಿನ ನಾಡನ್ನು ಗುರುತಿಸಿದ ಆ ಗ್ರಂಥವು, ಅದರೊಳಗೆ ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ಸೀಮೆಯನ್ನು ಹೆಸರಿಸುತ್ತದೆ. ಮಾನ್ಯಖೇಟವು ಆ ಎಲ್ಲೆಯ ಹೊರಗಿದೆ! ಚಕ್ರವರ್ತಿಯ ಸಮ್ಮತಿಯನ್ನು ಪಡೆದ ಗ್ರಂಥ, ಚಕ್ರವರ್ತಿಯ ರಾಜಧಾನಿಯ ಮಾತೇ ಶ್ರೇಷ್ಠವೆಂದು ಬರೆದಿದ್ದರೆ ತಡೆಯುವವರು ಯಾರಿದ್ದರು? ಆದರೂ ಬರೆಯಲಿಲ್ಲ. ಓದುಬರಹವನ್ನು ಅರಿಯದ ಜನಕ್ಕೂ ಕಾವ್ಯದ ಮರ್ಮ ತಿಳಿಯುತ್ತದೆಂದು ಅದು ಒಪ್ಪಿಕೊಂಡಿತು. ಪರರ ವಿಚಾರವನ್ನು ಸೈರಿಸುವ ಗುಣವನ್ನು ಸಂಪತ್ತೆಂದು ಎಣಿಸಿತು. ಮಾನ್ಯಖೇಟದ ನಿಜವಾದ ಹಿರಿಮೆಯು ಈ ಸಂಯಮದಲ್ಲಿದೆ. ಹೀಗಿರುವಾಗ ಆ ಊರಿಗೆ ಬಂದು ಅಲ್ಲಿಯವರ ಮಾತಿಗೆ ನಗುವವನು ಎಂತು ಆ ಗ್ರಂಥವನ್ನು ಓದಿದವನಲ್ಲವೋ, ನೃಪತುಂಗನ ನೆಲದಲ್ಲಿ ಹುಟ್ಟಿದ್ದರಿಂದಲೇ ತಾನು ದೊಡ್ಡವನೆಂದು ಬೀಗುವವನೂ ಅಂತೆಯೇ ಓದಿದವನಲ್ಲ.

ಹಾಗಾದರೆ ಊರಿನವರಿಗೆ ಹೊಣೆಯೇ ಇಲ್ಲವೇ? ಅದೂ ಸರಿಯಲ್ಲ. ಅರಿಯದಿದ್ದಾಗ ಇಲ್ಲದ ಹೊಣೆಯು ಅರಿತಮೇಲೆ ಬಂದೇ ಬರುತ್ತದೆ. ಚಿತ್ತಾಪುರದ ಬಳಿಯ ನಾಗಾವಿಯು ಇದಕ್ಕೆ ಒಳ್ಳೆಯ ದೃಷ್ಟಾಂತ. ಅಲ್ಲಿದ್ದ ಘಟಿಕಾಸ್ಥಾನಕ್ಕೆ ಚಾಳುಕ್ಯರ ಕಾಲದಲ್ಲಿ ದತ್ತಿಬಿಟ್ಟುದನ್ನು ಹೇಳುವ 1058ರ ಶಾಸನವು ಉಪಾಧ್ಯಾಯರನ್ನೂ ವಿದ್ಯಾರ್ಥಿಗಳನ್ನೂ ನೆನೆಯುವುದರ ಜೊತೆಗೆ, ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀಭಂಡಾರಿಗರಿಗೂ ಜೀವನವನ್ನು ಕಲ್ಪಿಸುತ್ತದೆ. ಬರೆದವನ ಹೆಸರನ್ನು ಲೋಕವು ನೆನೆಯುತ್ತದೆ. ಬರೆದುದನ್ನು ಇರುವೆಯಿಂದಲೂ ತೇವದಿಂದಲೂ ಕಾಯ್ದವನ ಹೆಸರನ್ನು ನೆನೆಯುವವರು ವಿರಳ. ಆದರೆ ಆ ಕಾಲದ ಜನರು ಕಾಯುವವನ ಅನ್ನವನ್ನು ಕಲ್ಲಿನಲ್ಲಿ ಕೆತ್ತಿಸಿದರು. ನೃಪತುಂಗನ ಹೆಸರಿನಲ್ಲಿ ಉತ್ಸವವನ್ನು ಮಾಡುವುದು ಸುಲಭ. ಊರಿನ ಶಾಲೆಯಲ್ಲಿ ಒಂದು ಕಪಾಟನ್ನಿರಿಸಿ, ಅದರ ಬೀಗದ ಕೈಯನ್ನು ಹಿಡಿದು, ಪ್ರತಿದಿನವೂ ಅದನ್ನು ತೆರೆದಿಡುವ ಒಬ್ಬನಿಗೆ ಸಂಬಳವನ್ನು ಗೊತ್ತುಮಾಡುವುದು ಕಠಿನ. ಭಂಡಾರಿಗನಿಲ್ಲದ ಅಭಿಮಾನವು ಬೀಗ ಹಾಕಿದ ಕಪಾಟಿನಂತೆ ನಿರುಪಯೋಗವಾದುದು.

ಇಷ್ಟನ್ನು ಕಂಡಮೇಲೆ ಯಾತ್ರಿಕನ ಧರ್ಮವು ಸ್ಪಷ್ಟವಾಗುತ್ತದೆ. ಹೋಗುವ ಮುನ್ನ ಓದುವುದು ಮೊದಲನೆಯದು. ಓದದೆ ಹೋದವನಿಗೆ ಮಳಖೇಡವು ಬರಿಯ ಗೋಡೆ, ಓದಿ ಹೋದವನಿಗೆ ಗೋಡೆಯಿಲ್ಲದ ಕಡೆಯೂ ಮಾನ್ಯಖೇಟ. ಹೋದಮೇಲೆ ಕೇಳುವುದು ಎರಡನೆಯದು. ಕಲ್ಲಿನ ಚಿತ್ರವನ್ನು ತೆಗೆದುಕೊಳ್ಳುವ ಅವಸರದಲ್ಲಿ ಜಗಲಿಯ ಮೇಲೆ ಕುಳಿತ ಮುದುಕನ ಮಾತು ಕಿವಿಗೆ ಬೀಳದಿದ್ದರೆ, ಅಲ್ಲಿ ಉಳಿದಿರುವ ಅತ್ಯಂತ ಪ್ರಾಚೀನವಾದ ವಸ್ತುವನ್ನೇ ಕಾಣದೆ ಬಂದಂತಾಯಿತು. ಬಂದಮೇಲೆ ಏನನ್ನಾದರೂ ಹಿಂದಕ್ಕೆ ಕೊಡುವುದು ಮೂರನೆಯದು. ಅದು ಶಾಲೆಗೊಂದು ಪುಸ್ತಕವಾಗಬಹುದು, ತನ್ನ ಮನೆಯ ಮಕ್ಕಳಿಗೆ ಹಳಗನ್ನಡದ ಒಂದು ಪದ್ಯದ ಪಾಠವಾಗಬಹುದು.

972ರಲ್ಲಿ ಪರಮಾರ ವಂಶದ ಸೀಯಕನು ದಂಡೆತ್ತಿ ಬಂದು ಮಾನ್ಯಖೇಟವನ್ನು ಸೂರೆಗೊಂಡನು. ಅದೇ ಕಾಲದಲ್ಲಿ ಮಾಳವದ ಧನಪಾಲನು ತನ್ನ ತಂಗಿಗಾಗಿ ಒಂದು ಪ್ರಾಕೃತ ನಿಘಂಟನ್ನು ಬರೆಯುತ್ತಿದ್ದನು. ಗ್ರಂಥದ ಕಾಲವನ್ನು ಹೇಳುವಾಗ ಆ ಸೂರೆಯ ವರ್ಷವೆಂದೇ ಗುರುತಿಸಿದನು. ಸೈನ್ಯವು ಹೊತ್ತ ಹೊನ್ನು ಎಲ್ಲಿಗೆ ಹೋಯಿತೋ ಯಾರೂ ಅರಿಯರು. ಸೋದರಿಗಾಗಿ ಬರೆದ ಪದಗಳ ಪಟ್ಟಿಯು ಉಳಿದಿದೆ. ಸೈನಿಕನೂ ಮಾನ್ಯಖೇಟವನ್ನು ಕಂಡವನೇ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹಿಂದಿರುಗಿದವನು. ರವಿವಾರದ ಯಾತ್ರಿಕನು ಏನನ್ನೂ ಓದದೆ, ಯಾರನ್ನೂ ಕೇಳದೆ, ನೋಡಿದೆನೆಂಬ ಹೆಮ್ಮೆಯೊಂದನ್ನೇ ಹೊತ್ತು ಮರಳಿದರೆ, ಅವನಿಗೂ ಆ ಸೈನಿಕನಿಗೂ ಇರುವ ಭೇದವು ಹೊರೆಯ ತೂಕದಲ್ಲಿ ಮಾತ್ರ.