ನಾವು ಉಳಿಯದ ಹೋಟೆಲು

ಮಗಳ ಐದನೇ ಹುಟ್ಟುಹಬ್ಬವನ್ನು ನಾವು ಮಾಡಿದ್ದು ಅನಾಹೈಮ್‌ನಲ್ಲಿ, ಡಿಸ್ನಿಯವರ ಪ್ಯಾರಡೈಸ್ ಪಿಯರ್ ಹೋಟೆಲಿನಲ್ಲಿ. ಲಾಬಿಯಲ್ಲಿ ಸರ್ಫ್‌ಬೋರ್ಡ್ ಹಿಡಿದು ನಿಂತಿದ್ದ ಗೂಫಿಯ ಕಾಲು ತಬ್ಬಿಕೊಂಡ ಅವಳ ಫೋಟೊ ಈಗಲೂ ನಮ್ಮನೆ ಫ್ರಿಜ್ಜಿನ ಬಾಗಿಲ ಮೇಲಿದೆ. ಆ ಹೋಟೆಲು ಪೂರ್ತಿ ಹೊಸ ವೇಷ ತೊಟ್ಟು 2024ರ ಜನವರಿಯಲ್ಲಿ ಪಿಕ್ಸಾರ್ ಪ್ಲೇಸ್ ಹೋಟೆಲ್ ಆಯಿತು. ಅದೇ ವರ್ಷ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮತ್ತೆ ಹೋದೆವು. ಲಾಬಿಯಲ್ಲಿ ಚೆಂಡಿನ ಮೇಲೆ ನಿಂತ ಭಾರಿ ಮೇಜುದೀಪ. ಜನ ಅದರ ಮುಂದೆ ಸಾಲುಗಟ್ಟಿ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಹದಿಮೂರರ ನನ್ನ ಮಗಳು ಮಾತ್ರ ಕಂಬದ ಹಿಂದೆ, ಗೋಡೆಯ ಪಕ್ಕ ಎಂದು ಏನನ್ನೋ ಹುಡುಕುತ್ತಿದ್ದಳು.

"ಎಲ್ಲಾ ಚೇಂಜ್ ಮಾಡ್ಬಿಟ್ಟಿದಾರೆ ಅಮ್ಮಾ. ಇದು ನನ್ನ ಹೋಟೆಲ್ ಅಲ್ಲ."

ನಗು ಬಂತು, ನಗಲಿಲ್ಲ. ಲಿಫ್ಟಿನಲ್ಲಿ ಅವಳೇ ಕೇಳಿದಳು: "ನೀನು ಚಿಕ್ಕವಳಿದ್ದಾಗ ನಿಂಗೂ ಇಂಥ ಒಂದು ಹೋಟೆಲ್ ಇತ್ತಾ?"

"ಇತ್ತು. ಕೆ.ಆರ್.ಎಸ್.ನಲ್ಲಿ. ಬೃಂದಾವನದ ಮೇಲ್ಗಡೆ."

"ಎಷ್ಟು ನೈಟ್ಸ್ ಇದ್ರಿ?"

"ಒಂದೂ ಇಲ್ಲ."

"ಮತ್ತೆ ಅದು ನಿಂದು ಹೆಂಗಾಯ್ತು?"

ಲಿಫ್ಟು ನಿಂತಿತು, ಬಾಗಿಲು ತೆರೆಯಿತು, ನಾನು ಚೀಲ ಎತ್ತಿಕೊಂಡೆ. ಉತ್ತರ ಕೊಡದೆ ತಪ್ಪಿಸಿಕೊಂಡ ಆ ಪ್ರಶ್ನೆಗೆ ನಮ್ಮ ಕನ್ನಡ ಸಂಘದ ಪತ್ರಿಕೆಯ ಈ ಸಂಚಿಕೆಯಲ್ಲಾದರೂ ಉತ್ತರ ಬರೆಯೋಣ ಎಂದು ಕೂತಿದ್ದೇನೆ.

1988ರ ಬೇಸಿಗೆ ರಜೆ. ಬೆಂಗಳೂರಿನ ಅತ್ತಿಗುಪ್ಪೆಯ ನಮ್ಮ ಬೀದಿಯ ಮೂರು ಮನೆಯವರು ಸೇರಿ ಒಂದು ಮೆಟಡಾರ್ ಮಾಡಿಕೊಂಡಿದ್ದೆವು. ಬೆಳಗಿನ ಜಾವ ಹೊರಟು, ಗಾಳಿ ಆಂಜನೇಯನ ಗುಡಿ ಮುಂದೆ ಗಾಡಿ ನಿಲ್ಲಿಸಿ ಈಡುಗಾಯಿ ಹಾಕಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟ ಮೇಲೇ ಮೈಸೂರು ರಸ್ತೆ. ಮದ್ದೂರಿನಲ್ಲಿ ವಡೆ. ಆಮೇಲೆ ಶ್ರೀರಂಗಪಟ್ಟಣ, ಬೆಟ್ಟ, ಅರಮನೆ, ಜೂ. ಎಲ್ಲ ಒಂದೇ ದಿನದಲ್ಲಿ, ಪರೀಕ್ಷೆಗೆ ಓದಿದ ಹಾಗೆ. ಸಂಜೆ ಕನ್ನಂಬಾಡಿ, ಅಂದರೆ ಕೆ.ಆರ್.ಎಸ್., ತಲುಪುವಾಗ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆ ಹೋಗಿದ್ದೆವು. "ದೀಪ ಹಾಕೋ ಹೊತ್ತಾಯ್ತು, ಏಳ್ರೋ" ಎಂದು ಎದುರುಮನೆ ಆಂಟಿ ಎಲ್ಲರ ಬೆನ್ನಿಗೂ ಒಂದೊಂದು ತಟ್ಟಿದರು.

ಹುಲ್ಲಿನ ಅಂಚಿನಲ್ಲಿ ಜಮಖಾನ ಹಾಸಿ, ಅಮ್ಮ ಕ್ಯಾರಿಯರಿನ ಕೆಳಗಿನ ಡಬ್ಬಿ ಬಿಚ್ಚಿದಳು. ಬೆಳಿಗ್ಗೆ ಕಲಸಿದ ಪುಳಿಯೋಗರೆ ಅಷ್ಟು ಹೊತ್ತಿಗೆ ಹುಳಿ, ಬೆಲ್ಲ, ಎಳ್ಳುಪುಡಿ ಎಲ್ಲ ಹೀರಿಕೊಂಡು ಹದವಾಗಿತ್ತು. ಮೊದಲ ತುತ್ತು ಬಾಯಲ್ಲಿದ್ದಾಗಲೇ ದೀಪ ಹತ್ತಿತು. ಸುತ್ತಲಿನ ಸಾವಿರ ಬಾಯಿಂದ ಒಂದೇ ಸಲ "ಓ" ಎಂಬ ಸದ್ದು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ನೀರಿಗೆ ಕೆಂಪು, ಹಸಿರು ಬಣ್ಣ ಬಂತು. ಎಲ್ಲರೂ ಕಾರಂಜಿ ನೋಡುತ್ತಿದ್ದರೆ ನನ್ನ ಕಣ್ಣು ಅದರ ಮೇಲಕ್ಕೆ ಹೋಯಿತು. ಎತ್ತರದಲ್ಲಿ ಒಂದು ಬಿಳಿ ಕಟ್ಟಡ, ಸಾಲು ಕಿಟಕಿಗಳಲ್ಲಿ ಹಳದಿ ಬೆಳಕು. ಹೋಟೆಲ್ ಕೃಷ್ಣರಾಜಸಾಗರ.

"ಅಲ್ಲಿ ಯಾರಿರ್ತಾರೆ ಅಪ್ಪಾ?"

"ಅದು ಮಹಾರಾಜರ ಕಾಲದ್ದು ಕಣಮ್ಮ. ಈಗ ದುಡ್ಡು ಕೊಟ್ಟೋರೆಲ್ಲ ಮಹಾರಾಜರೇ."

"ಅವರಿಗೆ ನಾವು ಕಾಣ್ತೀವಾ?"

ಇದಕ್ಕೆ ಉತ್ತರ ಕೊಟ್ಟಿದ್ದು ಅಮ್ಮ. ಅನ್ನ ಬಡಿಸುತ್ತಲೇ, ತಲೆ ಎತ್ತದೆ ಅಂದಳು: "ಕಾಣದೆ ಏನು? ಅವರು ನೋಡೋದೇ ನಮ್ಮನ್ನ. ಬರೀ ನೀರು ನೋಡ್ಕೊಂಡು ಎಷ್ಟೊತ್ತು ಕೂರ್ತಾರೆ?"

ಇಷ್ಟೇ ನನ್ನ ಹೋಟೆಲು. ಒಳಗೆ ಕಾಲಿಟ್ಟವಳಲ್ಲ, ಒಂದು ಲೋಟ ಕಾಫಿ ಕುಡಿದವಳಲ್ಲ. ಆದರೂ ಅಲ್ಲಿನ ಸುದ್ದಿ ಬಂದರೆ ಎದೆ ಒಮ್ಮೆ ಧಸಕ್ಕೆನ್ನುತ್ತದೆ. ನಮ್ಮಲ್ಲಿ ಎಷ್ಟೋ ಜನ ಮಳೆಗಾಲದಲ್ಲಿ ಎದ್ದ ಕೂಡಲೇ ಕೆ.ಆರ್.ಎಸ್. ನೀರಿನ ಮಟ್ಟ ನೋಡುವವರಿದ್ದೇವೆ, 124.80 ಅಡಿ ತುಂಬಿತು ಎಂದರೆ ಇಲ್ಲಿ ಅಮೆರಿಕದಲ್ಲಿ ಕುಳಿತೇ ನಮಗೊಂದು ಸಮಾಧಾನ. ಹಾಗೆ ನೋಡುವಾಗಲೇ ಬೃಂದಾವನದ ಸುದ್ದಿಯೂ ಕಣ್ಣಿಗೆ ಬೀಳುತ್ತದೆ. 2018ರಲ್ಲಿ ಸರ್ಕಾರದವರು ಡಿಸ್ನಿಲ್ಯಾಂಡ್ ಮಾದರಿ ಮಾಡುತ್ತೇವೆ, 125 ಅಡಿಯ ಕಾವೇರಿ ಪ್ರತಿಮೆ ನಿಲ್ಲಿಸುತ್ತೇವೆ ಎಂದರು. ಅದು ಅಲ್ಲಿಗೇ ತಣ್ಣಗಾಯಿತು ಅಂದುಕೊಳ್ಳುವಷ್ಟರಲ್ಲಿ, 2024ರಲ್ಲಿ 2,600 ಕೋಟಿ ರೂಪಾಯಿ ಮೀರಿದ ಯೋಜನೆಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು: ಖಾಸಗಿ ಸಹಭಾಗಿತ್ವ, ವಿಶ್ವದರ್ಜೆ, ಮನರಂಜನಾ ಪಾರ್ಕು. ಕಟ್ಟೆಯ ಮಗ್ಗುಲಲ್ಲಿ ಇಂಥದ್ದೆಲ್ಲ ಬೇಡ, ಅಣೆಕಟ್ಟೆಗೆ ಅಪಾಯ ಎಂದು ಮಂಡ್ಯದ ರೈತರು ತಕರಾರು ಎತ್ತಿದ್ದಾರೆ.

ಆ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಇದನ್ನೆಲ್ಲ ಅಪ್ಪನ ಮುಂದೆ ಹೇಳಿಕೊಂಡೆ. "ಇರೋದನ್ನ ಇರೋ ಹಾಗೆ ಬಿಡೋಕೆ ಏನು ಕಷ್ಟ ಇವರಿಗೆ?" ಅಪ್ಪ ಪೇಪರು ಮಡಿಸಿಟ್ಟು ಕನ್ನಡಕದ ಮೇಲಿಂದ ನೋಡಿದರು.

"ನೀನು ಕೂತಿರೋ ಈ ಮನೆ ಮೊದಲು ಹೆಂಗಿತ್ತು?"

ರೆಡ್ ಆಕ್ಸೈಡ್ ನೆಲ, ಮುಂದೆ ಒಂದು ತೆಂಗಿನಮರ, ಹಿಂದೆ ಬಟ್ಟೆ ಒಗೆಯೋ ಕಲ್ಲು. 2015ರಲ್ಲಿ ಅತ್ತಿಗುಪ್ಪೆಗೆ ಮೆಟ್ರೊ ಬಂತು, ಬಾಡಿಗೆ ಏರಿತು. ಮನೆ ಕೆಡವಿ ನಾಲ್ಕು ಅಂತಸ್ತು ಎಬ್ಬಿಸಿದೆವು. ಅರ್ಧ ದುಡ್ಡು ಕಳಿಸಿದವಳು ನಾನೇ. ತೆಂಗಿನಮರ ಒಂದು ಉಳಿಸಿ ಎಂದು ಫೋನಿನಲ್ಲಿ ಗೋಗರೆದಿದ್ದೆ. ಕಾರು ನಿಲ್ಲಿಸೋಕೆ ಜಾಗ ಬೇಕಿತ್ತು.

"ನೀನು ವರ್ಷಕ್ಕೊಂದ್ಸಲ ನೋಡೋ ಮನೆ ಕಣಮ್ಮ ಇದು. ನಾವು ದಿನಾ ಇರೋ ಮನೆ" ಎಂದರು. ಬೈಗುಳದ ದನಿಯಲ್ಲ. ಬೈದಿದ್ದರೆ ಹಗುರಾಗಿರುತ್ತಿತ್ತು.

ಅವರ ಮಾತು ನನ್ನನ್ನು ಇನ್ನೂ ಹಿಂದಕ್ಕೆ ನೂಕಿತು. 1911ರಲ್ಲಿ ಕಟ್ಟೆಯ ಕೆಲಸ ಶುರುವಾದಾಗ ಅಲ್ಲೊಂದು ಹಳೆಯ ಕನ್ನಂಬಾಡಿ ಇತ್ತು. ಮನೆ, ಗದ್ದೆ ಎಲ್ಲ ನೀರಿಗೆ ಹೋದವು. ವೇಣುಗೋಪಾಲಸ್ವಾಮಿ ಗುಡಿ ಮುಳುಗಿ, ಬರಗಾಲದಲ್ಲಿ ಮಾತ್ರ ತಲೆ ಎತ್ತುತ್ತಿತ್ತು. ಈಗ ಅದನ್ನು ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರು ಜರ್ಮನ್ ಉದ್ಯಾನತಜ್ಞ ಕ್ರುಂಬಿಗಲ್ ಅವರ ಕೈಯಲ್ಲಿ ಕಟ್ಟೆಯ ಬುಡದಲ್ಲಿ ಅರಳಿಸಿದ ಬೃಂದಾವನ 1932ರ ಹೊತ್ತಿಗೆ ಸಿದ್ಧವಾದಾಗ, ಆ ಮುಳುಗಿದ ಊರಿನ ಯಾವ ಅಜ್ಜಿ ಅದನ್ನು ನೋಡಿ ಏನಂದಳೋ. "ಇದು ನನ್ನ ಊರಲ್ಲ" ಎಂದೇ ಇರಬೇಕು. ನನ್ನ ಹಳೆಯದು ಯಾರಿಗೋ ಹೊಸದಾಗಿತ್ತು.

ಅಪ್ಪನೇ ಅಂದರು, "ಅಷ್ಟು ಆಸೆ ಇದ್ರೆ ಈ ಸಲ ಹೋಗಿ ಇದ್ದು ಬಾ." ಹೋಟೆಲಿಗೆ ಈಗ ರಾಯಲ್ ಆರ್ಕಿಡ್ ಹೆಸರಿದೆ. ಒಂದು ರಾತ್ರಿಗೆ ರೂಮು ಹಿಡಿದು ಅಪ್ಪ, ಮಗಳು, ನಾನು ಮೂವರೂ ಹೊರಟೆವು. 2023ರಲ್ಲಿ ತೆರೆದ ಎಕ್ಸ್‌ಪ್ರೆಸ್‌ವೇ ಮದ್ದೂರಿನಲ್ಲಿ ನಿಲ್ಲಿಸುವುದೇ ಇಲ್ಲ, ಹಾಗೇ ದಾಟಿಸಿಬಿಡುತ್ತದೆ. ವಡೆ ತಪ್ಪಿತು. ಮಗಳು ಮಾತ್ರ ದಾರಿಯುದ್ದಕ್ಕೂ ಫಲಕಗಳನ್ನು ಜೋರಾಗಿ ಓದುತ್ತಾ ತಾತನಿಂದ ಶಭಾಷ್ ಗಿಟ್ಟಿಸಿದಳು. ಸಂಘದ ಭಾನುವಾರದ ಕನ್ನಡ ತರಗತಿಯ ಪುಣ್ಯ. ಹೆಮ್ಮೆಯಾಯಿತು. ಆದರೆ ಚನ್ನಪಟ್ಟಣ ಎಂದು ಓದಲು ಬಂದವಳಿಗೆ ಚನ್ನಪಟ್ಟಣದ ಬೊಂಬೆ ಗೊತ್ತಿಲ್ಲವಲ್ಲ ಎಂದು ಅದರ ಬೆನ್ನಿಗೇ ಒಂದು ಚುಚ್ಚು.

ಸಂಜೆ ಮೇಲಿನಿಂದ ನೋಡಿದೆ. ಮೂವತ್ತಾರು ವರ್ಷದ ಹಿಂದೆ ಕೆಳಗಿನಿಂದ ನೋಡಿದ್ದನ್ನು ಮೊದಲ ಸಲ ಮೇಲಿನಿಂದ. ದೀಪ ಹತ್ತಿತು, "ಓ" ಎಂಬ ಸದ್ದು ಈಗಲೂ ಹಾಗೇ ಎದ್ದು ಬಂತು. ಐದು ನಿಮಿಷ ಕಾರಂಜಿ ನೋಡಿರಬಹುದು. ಆಮೇಲೆ ನೋಡಿದ್ದೆಲ್ಲ ಜನರನ್ನೇ. ನಿದ್ದೆಗಣ್ಣಿನ ಮಗುವನ್ನು ಹೆಗಲಿಗೆ ಹಾಕಿಕೊಂಡ ಒಬ್ಬ ಅಪ್ಪ. ಸ್ಕೂಲ್ ಟ್ರಿಪ್ಪಿನ ಮಕ್ಕಳನ್ನು ಎಣಿಸಿ, ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ಎಣಿಸುತ್ತಿದ್ದ ಟೀಚರು. ಸೀರೆ ಮೇಲೆತ್ತಿ ಹಿಡಿದು ಒದ್ದೆ ಮೆಟ್ಟಿಲು ಇಳಿಯುತ್ತಿದ್ದ ಮೂವರು ಹೆಂಗಸರು. ಅಮ್ಮ ಹೋಗಿ ಆರು ವರ್ಷವಾಯಿತು. ಅವಳ ಮಾತು ನಿಜ ಎಂದು ಗೊತ್ತಾಗಲು ನಾನು ಇಷ್ಟು ಎತ್ತರ ಹತ್ತಬೇಕಾಯಿತು.

ಪಕ್ಕದಲ್ಲಿ ಅಪ್ಪ ಸುಮ್ಮನೆ ನಿಂತಿದ್ದರು. ಕೊನೆಗೆ ಅಂದಿದ್ದು ಒಂದೇ ಮಾತು: "ಕೆಳಗಿಂದ್ಲೇ ಚೆನ್ನಾಗಿ ಕಾಣ್ತಿತ್ತು, ಅಲ್ವಾ?"

ಗೆಳೆಯರೇ, ಪ್ರತಿ ಡಿಸೆಂಬರಿನಲ್ಲೂ ನಾವು ಮಕ್ಕಳನ್ನು ಊರಿಗೆ ಕರೆದೊಯ್ಯುತ್ತೇವೆ. ಬಟ್ಟೆ ಅಂಗಡಿ, ಡೆಂಟಿಸ್ಟು, ನೆಂಟರ ಮದುವೆ ಮುಗಿಸುವಷ್ಟರಲ್ಲಿ ವಾಪಸ್ ಹೊರಡುವ ದಿನ. ಮುಂದಿನ ಸಲ ಒಂದು ದಿನ ಎತ್ತಿಟ್ಟು, ನೀವು ಚಿಕ್ಕಂದಿನಲ್ಲಿ ಹೊರಗಿನಿಂದ ನೋಡಿದ ಯಾವುದಾದರೂ ಜಾಗಕ್ಕೆ ಅವರನ್ನು ಕರೆದುಕೊಂಡು ಹೋಗಿ. ಒಳಗೆ ರೂಮು ಹಿಡಿಯಬೇಡಿ. ಹೊರಗೆ ಜಮಖಾನ ಹಾಸಿ ಕೂತುಕೊಳ್ಳಿ. ಹೀಗೆ ಉಪದೇಶ ಬರೆಯುತ್ತಿರುವವಳೇ ರೂಮು ಹಿಡಿದವಳು ಎಂಬುದೂ ನೆನಪಿರಲಿ. ಅಪ್ಪನ ಮಂಡಿಗೆ ಆ ಮೆಟ್ಟಿಲು ಆಗುತ್ತಿರಲಿಲ್ಲ, ಮಗಳಿಗೆ ಶುಚಿಯಾದ ಶೌಚಾಲಯ ಬೇಕಿತ್ತು. ಎಲ್ಲವೂ ಹಳೆಯದರ ಹಾಗೇ ಇರಲಿ ಎನ್ನುವ ನನಗೇ ಹಳೆಯದರ ಹಾಗಿರಲು ಆಗಲಿಲ್ಲ.

ದೀಪ ಆರಿಸುವ ಮೊದಲು ಮಗಳು ಫೋನು ಹಿಡಿದು ಬಂದಳು. "ಅಮ್ಮಾ, ನೀವು ಪುಳಿಯೋಗರೆ ತಿಂದ ಪ್ಲೇಸ್ ಯಾವ್ದು? ತೋರ್ಸು."

ಬಗ್ಗಿ ನೋಡಿದೆ. ಹುಲ್ಲು, ಕಟ್ಟೆ, ದೀಪದ ಕಂಬ, ಜನ. ಯಾವ ಅಂಚಿನಲ್ಲಿ ಜಮಖಾನ ಹಾಸಿದ್ದೆವೋ ಗುರುತೇ ಸಿಗಲಿಲ್ಲ. ಅಪ್ಪನ ಕಡೆ ನೋಡಿದೆ; ಅವರು ಬೇರೆ ಕಡೆ ನೋಡಿದರು. ಎಡಗಡೆ ಒಂದು ಪೊದೆಯ ಪಕ್ಕ ಬೆರಳು ತೋರಿಸಿ, "ಅಗೋ, ಅಲ್ಲಿ" ಎಂದೆ.

ಅವಳು ಝೂಮ್ ಮಾಡಿ ಫೋಟೊ ತೆಗೆದಳು. ಈಗ ಅದು ಫ್ರಿಜ್ಜಿನ ಬಾಗಿಲ ಮೇಲೆ, ಗೂಫಿಯ ಪಕ್ಕದಲ್ಲಿದೆ. ಕೆಳಗೆ ಅವಳದೇ ಕೈಬರಹದಲ್ಲಿ, ಕನ್ನಡದಲ್ಲಿ: 'ಅಮ್ಮನ ಜಾಗ'. ಅದು ಆ ಜಾಗವಲ್ಲ ಎಂದು ಅವಳಿಗೆ ಹೇಳಬೇಕೋ ಬೇಡವೋ, ನನಗಿನ್ನೂ ತೀರ್ಮಾನವಾಗಿಲ್ಲ.